ಹಡಗು ಹತ್ತುವ ಮುನ್ನ ಟಿ. ನಗರದಲ್ಲಿ ಒಂದು ರಾತ್ರಿ

ಗುರುವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನಾನೂ ನನ್ನ ಅಕ್ಕ ಶಾರದೆಯೂ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದೆವು. ಬೆಂಗಳೂರಿನಿಂದ ಸುಮಾರು ಮುನ್ನೂರ ಅರವತ್ತು ಕಿಲೋಮೀಟರ್ ಪ್ರಯಾಣ. ಮಂಡ್ಯದ ಮನೆ ಬಿಟ್ಟಾಗ ಇನ್ನೂ ಬೆಳಕಾಗಿರಲಿಲ್ಲ. ಅಕ್ಕನಿಗೆ ಎಪ್ಪತ್ತು, ನನಗೆ ಅರವತ್ಮೂರು. ನಮ್ಮ ಹಡಗು ಹೊರಡುವುದು ಮರುದಿನ ಸಂಜೆ. ಚೆನ್ನೈ ಬಂದರಿನಿಂದ ವಿಶಾಖಪಟ್ಟಣದ ಕಡೆ ಹೋಗಿ, ಮೂರು ರಾತ್ರಿ ಸಮುದ್ರದಲ್ಲಿ ಕಳೆದು, ಸೋಮವಾರ ಬೆಳಿಗ್ಗೆ ಮತ್ತೆ ಚೆನ್ನೈಗೇ ಬರುವ ಹಡಗು.

ಅಕ್ಕ ಮದ್ದೂರಿನ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ನಕ್ಷೆ ನೋಡದೆ ಕಪ್ಪುಹಲಗೆಯ ಮೇಲೆ ಭಾರತದ ಕರಾವಳಿಯನ್ನು ಒಂದೇ ಗೆರೆಯಲ್ಲಿ ಬರೆಯುತ್ತಿದ್ದಳು. ಆದರೆ ಹಡಗಿಗೆ ಕಾಲಿಟ್ಟವಳಲ್ಲ. ನಾನು ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತನಾದವನು. ಊರೂರಿನ ಹೊಲ ಅಳೆದ ನನಗೂ ಸಮುದ್ರದ ಮೇಲೆ ಹೋಗುವ ಆಸೆ ಇದ್ದೇ ಇತ್ತು.

ಒಂದು ದಿನ ಮೊದಲೇ ಚೆನ್ನೈ ಸೇರುವುದು ನನ್ನ ಲೆಕ್ಕಾಚಾರ. ರೈಲು ನಾಲ್ಕು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ. ಎಲ್ಲಿ ಉಳಿಯಬೇಕು ಎನ್ನುವುದಕ್ಕೆ ಒಂದು ವಾರ ತಲೆಕೆಡಿಸಿಕೊಂಡಿದ್ದೆ. ಶೋಳಿಂಗನಲ್ಲೂರಿನಲ್ಲಿ ನಮ್ಮ ಕಡೆಯ ಹುಡುಗರ ಮನೆ ಇತ್ತು, ಬನ್ನಿ ಎಂದಿದ್ದರು. ಆದರೆ ಅಲ್ಲಿಂದ ಬಂದರಿಗೆ ಮೂವತ್ತು ಕಿಲೋಮೀಟರ್ ಹತ್ತಿರ, ಆಫೀಸು ಹೊತ್ತಿನಲ್ಲಿ ಆ ರಸ್ತೆಯನ್ನು ನಂಬುವಂತಿಲ್ಲ. ಬಂದರಿನ ಪಕ್ಕದ ಲಾಡ್ಜುಗಳು ಅಕ್ಕನಿಗೆ ಒಗ್ಗುವಂಥವಲ್ಲ. ಕೊನೆಗೆ ಟಿ. ನಗರದಲ್ಲಿ ಜಯಮ್ಮ ಎನ್ನುವವರ ಮನೆಯ ಮಹಡಿ ಕೋಣೆ ಗೊತ್ತುಮಾಡಿದೆ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮಾಧ್ವರು, ಮನೆಮಾತು ಕನ್ನಡ.

ಸೆಂಟ್ರಲ್‌ನಿಂದ ಮೆಟ್ರೋದಲ್ಲಿ ತೇನಾಂಪೇಟೆಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಅಲ್ಲಿಂದ ಆಟೋ. ಸೀರೆ ಅಂಗಡಿ, ಒಡವೆ ಅಂಗಡಿಗಳ ಮಹಾ ಗದ್ದಲ ದಾಟಿ ಒಂದು ತಿರುವು ತೆಗೆದುಕೊಂಡರೆ ಬೇವಿನ ಮರದ ನೆರಳಿನ ಬೀದಿ. ಬಾಗಿಲಲ್ಲೇ ನಿಂತಿದ್ದ ಜಯಮ್ಮನವರಿಗೆ ಎಪ್ಪತ್ತೈದರ ಮೇಲೆ. ಒಂಬತ್ತು ಗಜದ ಸೀರೆ, ಕೈಯಲ್ಲಿ ಸ್ಮಾರ್ಟ್ ಫೋನು.

"ಬನ್ನಿ ಬನ್ನಿ, ಉಳ್ಳೆ ಬನ್ನಿ. ವೆಯಿಲ್ ಜಾಸ್ತಿ ಇದೆ ತಾನೆ? ಮೊದಲು ಊಟ ಮಾಡಿ, ಅಪ್ಪುರಂ ಮಾತಾಡೋಣ." ಬಿಸಿಲಿಗೆ ವೆಯಿಲ್, ಆಮೇಲೆಗೆ ಅಪ್ಪುರಂ; ಅವರ ಕನ್ನಡದ ತುಂಬ ತಮಿಳು.

ಕಾಲೇಜಿಗೆ ಹೋಗುವ ಮೊಮ್ಮಗಳು ವೈಷ್ಣವಿಗೆ ಅಕ್ಕ ಕನ್ನಡದಲ್ಲಿ ಏನೋ ಕೇಳಿದಳು. ಅವಳು ನಕ್ಕು ತಮಿಳಿನಲ್ಲಿ ಉತ್ತರ ಕೊಟ್ಟಳು. "ಪುರಿಯತ್ತೆ ಅವಳಿಗೆ, ಕೇಳಿದ್ರೆ ತಿಳಿಯತ್ತೆ, ಬಾಯಿಗೆ ಮಾತ್ರ ಬರಲ್ಲ" ಎಂದರು ಜಯಮ್ಮ. ಬಾಳೆಲೆಯ ಮೇಲೆ ಬಿದ್ದ ಹುಳಿಹುಳಿ ವತ್ತಕೊಳಂಬು, ಅವರೆಕಾಯಿ ಪಲ್ಯ, ಗಟ್ಟಿ ಮೊಸರು ಇವೆಲ್ಲ ಸೇರಿ ಅಕ್ಕನಿಗೆ ಎರಡು ಗಂಟೆ ನಿದ್ದೆ ಬರಿಸಿದವು.

ಸಂಜೆ ಮರೀನಾಕ್ಕೆ ಹೋದೆವು. ಫೆಬ್ರವರಿಯ ಗಾಳಿ ಹಿತವಾಗಿತ್ತು. ರಸ್ತೆಯಿಂದ ನೀರಿನ ಅಂಚು ಮುಟ್ಟಬೇಕಾದರೆ ಮರಳಲ್ಲಿ ಒಂದು ಫರ್ಲಾಂಗಾದರೂ ನಡೆಯಬೇಕು. ಆ ಅಗಲ, ಆ ಜನ! ಗಾಳಿಪಟ, ಕುದುರೆ, ಬಿಸಿ ಉಸುಲಿಯ ಗಾಡಿಗಳು, ಮಾವಿನಕಾಯಿ ಹೋಳಿಗೆ ಖಾರ ಹಚ್ಚಿ ಕೊಡುವ ಹೆಂಗಸರು. ಇಷ್ಟು ದೊಡ್ಡ ಊರು ದಿನವೂ ಸಂಜೆ ಹೀಗೆ ಬಂದು ಕಾಸಿಲ್ಲದೆ ಕೂತು ಹೋಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಅಕ್ಕನಿಗೆ ಹತ್ತು ಹನ್ನೆರಡು ವರ್ಷದಿಂದ ಕಿವಿ ಮಂದ. ಎರಡು ಕಿವಿಗೂ ಮಷೀನು ಹಾಕಿಕೊಳ್ಳುತ್ತಾಳೆ. ಹಾಕಿಕೊಂಡರೂ ಗದ್ದಲದಲ್ಲಿ ಹಿಂದಿನಿಂದ ಕರೆದರೆ ಕೇಳುವುದಿಲ್ಲ. ಅವಳು ಸೀರೆ ಎತ್ತಿ ಹಿಡಿದು, ಪಾದ ನೆನೆಯುವಷ್ಟು ನೀರಿನಲ್ಲಿ ನಿಂತು ದಿಗಂತ ನೋಡುತ್ತಿದ್ದಳು. ಒಂದು ದೊಡ್ಡ ಅಲೆ ಏಳುವುದು ನನಗೆ ಕಂಡಿತು. "ಅಕ್ಕಾ, ಹಿಂದೆ ಬಾ!" ಎಂದು ಕೂಗಿದೆ. ತಿರುಗಲಿಲ್ಲ. ಮತ್ತೆ ಕೂಗಿದೆ. ಅಲೆ ಅವಳ ಸೊಂಟಕ್ಕೆ ಹೊಡೆದು ಕೆಡವಿತು, ತಲೆಯ ಮೇಲೆ ಹಾದುಹೋಯಿತು.

ನಾನು ಓಡುವಷ್ಟರಲ್ಲಿ ಮಾವಿನಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಅಕ್ಕನ ತೋಳು ಹಿಡಿದು ಎಳೆದು ದಡದಲ್ಲಿ ಕೂರಿಸಿಯಾಗಿತ್ತು. ತನ್ನ ಟವೆಲಿನಿಂದ ಅಕ್ಕನ ಮುಖ ಒರೆಸುತ್ತಿದ್ದಳು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಇದು: "ಕಿವುಡಿ ಥರ ನಿಂತಿದ್ಯಲ್ಲ! ಎಷ್ಟು ಸಲ ಕೂಗಬೇಕು ನಿನಗೆ?"

ಅಕ್ಕ ನನ್ನ ತುಟಿಯನ್ನೇ ನೋಡುತ್ತಿದ್ದಳು. ಏನಂದೆ ಎನ್ನುವುದು ಅವಳಿಗೆ ತಿಳಿಯಿತು. ಆ ಹೆಂಗಸಿಗೂ ನನ್ನ ದನಿಯಲ್ಲೇ ತಿಳಿಯಿತೇನೋ. "ಅಕ್ಕಾವ ಕೂಟಿಟ್ಟು ವಂದಾ ಪಾತ್ತುಕ್ಕ ವೇಣಾಮಾ?" ಎಂದು ಗದರಿದಳು. ಅಕ್ಕನನ್ನು ಕರೆದುಕೊಂಡು ಬಂದ ಮೇಲೆ ನೋಡಿಕೊಳ್ಳಬೇಡವೇ ಎಂದು. ಅಕ್ಕನಿಗೆ ಪೆಟ್ಟಾಗಿರಲಿಲ್ಲ. ಆದರೆ ಎರಡೂ ಮಷೀನು ಉಪ್ಪು ನೀರು ಕುಡಿದು ಸತ್ತಿದ್ದವು.

ಮನೆಗೆ ಬಂದು ಸ್ನಾನ ಮಾಡಿ ಕೂತ ಮೇಲೆ ಅಕ್ಕ ತಣ್ಣಗೆ ಹೇಳಿದಳು: "ನೀನು ಹಡಗಿಗೆ ಹೋಗು ಚಂದ್ರು. ನಾನು ನಾಳೆ ಸೆಂಟ್ರಲ್‌ನಲ್ಲಿ ರೈಲು ಹತ್ತುತೀನಿ."

ನಾನು ಬೇಡವೆಂದು ಕೈಯಾಡಿಸಿದೆ. ಒಂದು ಹಾಳೆಯಲ್ಲಿ 'ನೀನಿಲ್ಲದೆ ನಾನೂ ಹೋಗಲ್ಲ' ಎಂದು ಬರೆದು ತೋರಿಸಿದೆ.

"ಮೂರು ದಿನ ಯಾರು ಏನಂದ್ರೂ ಗೊತ್ತಾಗದೆ ಸುಮ್ಮನೆ ನಗ್ತಾ ಕೂತಿರಬೇಕು. ಅದು ಮದುವೆ ಮನೆಗಳಲ್ಲೇ ಸಾಕಾಗಿದೆ ನನಗೆ" ಎಂದಳು. ಸಂಜೆ ನಾನು ಆಡಿದ ಮಾತಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಜಯಮ್ಮನವರು ಕಾಫಿ ಲೋಟ ಹಿಡಿದು ಬಂದು ಎಲ್ಲ ಕೇಳಿದರು. "ಕವಲೆ ಪಡಬೇಡಿ. ನಮ್ಮ ಯಜಮಾನರಿಗೂ ಇದೇ ಮಷೀನ್ ಇತ್ತು, ಒಂಬತ್ತು ವರ್ಷ. ಪಲ್ಲಾವರಂನಲ್ಲಿ ಸೆಲ್ವಂ ಅಂತ ಒಬ್ಬ ಇದಾನೆ, ರಿಪೇರಿ ಮಾಡ್ತಾನೆ. ನಾಳೆ ಶುಕ್ರವಾರ, ಅಲ್ಲಿ ಸಂತೆ. ಕಂಡಿಪ್ಪಾ ಅಂಗಡಿ ತೆಗೀತಾನೆ." ಆಗಲೇ ಫೋನು ಮಾಡಿ ಎಂಟು ಗಂಟೆಗೆ ಬರುತ್ತೇವೆ ಎಂದು ಹೇಳಿಬಿಟ್ಟರು.

"ಅವಳು ಊರಿಗೆ ಹೋಗ್ತೀನಿ ಅಂತಿದಾಳಲ್ಲ ಅಮ್ಮ" ಎಂದೆ.

"ಪೆಟ್ಟಿ ಎಲ್ಲಾ ಜೊತೇಲೇ ತಗೊಳ್ಳಿ. ಪಲ್ಲಾವರಂನಿಂದ ವಾಪಸ್ ಬರೋ ಲೋಕಲ್ ರೈಲು ಪಾರ್ಕ್ ಸ್ಟೇಷನ್‌ಗೂ ಹೋಗತ್ತೆ, ಬೀಚ್ ಸ್ಟೇಷನ್‌ಗೂ ಹೋಗತ್ತೆ. ಪಾರ್ಕ್‌ನಲ್ಲಿ ಇಳಿದ್ರೆ ಎದುರಿಗೇ ಸೆಂಟ್ರಲ್. ಬೀಚ್‌ನಲ್ಲಿ ಇಳಿದ್ರೆ ಹಾರ್ಬರ್. ರೈಲು ಒಂದೇ ತಾನೆ? ಎಲ್ಲಿ ಇಳೀಬೇಕು ಅಂತ ಅಕ್ಕಾನೇ ಡಿಸೈಡ್ ಮಾಡ್ಲಿ."

ಇದನ್ನೂ ಹಾಳೆಯ ಮೇಲೆ ಬರೆದು ತೋರಿಸಿದೆ. ಅಕ್ಕ ಎರಡು ಸಲ ಓದಿದಳು. "ಸರಿ" ಎಂದಳು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಬಿಸಿ ಇಡ್ಲಿ ತಿಂದು ಜಯಮ್ಮನವರ ಜೊತೆ ಏಳು ಗಂಟೆಗೆ ಹೊರಟೆವು. ಮಾಂಬಲಂ ಸ್ಟೇಷನ್ನಿಗೆ ಆಟೋ, ಅಲ್ಲಿಂದ ಲೋಕಲ್ ರೈಲು. ಮೂವರಿಗೂ ಸೇರಿ ಒಂದು ಕಾಫಿಯಷ್ಟೂ ಖರ್ಚಾಗಲಿಲ್ಲ. ಪ್ಲಾಟ್‌ಫಾರಂ ತುಂಬ ಮಲ್ಲಿಗೆಯ ವಾಸನೆ. ಡಬ್ಬಿ ಹಿಡಿದ ಆಫೀಸಿನವರು, ಮಕ್ಕಳು, ಹೂವಿನ ಬುಟ್ಟಿಗಳು. ನಮ್ಮ ಪೆಟ್ಟಿಗೆಗಳನ್ನು ಯಾರೋ ಎತ್ತಿ ಒಳಗಿಟ್ಟರು, ಇನ್ಯಾರೋ ಎದ್ದು ಅಕ್ಕನಿಗೆ ಜಾಗ ಕೊಟ್ಟರು. ನಮ್ಮೂರಿನ ಬಸ್ಸಿನಲ್ಲಿ ಇದಕ್ಕೆ ಸ್ವಲ್ಪ ಜಗಳವಾದರೂ ಆಗಬೇಕು. ಅರ್ಧ ಗಂಟೆಯೊಳಗೆ ಪಲ್ಲಾವರಂ.

ಸಂತೆ ಆಗಲೇ ಕಳೆಗಟ್ಟಿತ್ತು. ಹಳೆಯ ಫ್ಯಾನು, ಹೊಲಿಗೆ ಮಷೀನು, ಟಿವಿಯ ಹೊಟ್ಟೆಯೊಳಗಿನ ಸಾಮಾನು, ಗುಲಾಬಿ ಗಿಡ, ಕೋಳಿಮರಿ, ಬಾಗಿಲಿಲ್ಲದ ಬೀರು, ಬೀರುವಿಲ್ಲದ ಬಾಗಿಲು. ಬೇರೆಡೆ ಗುಜರಿಗೆ ಹೋಗುವುದನ್ನೆಲ್ಲ ಈ ಊರು ಒರೆಸಿ, ರಿಪೇರಿ ಮಾಡಿ, ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಅಕ್ಕ ಅಲ್ಲಲ್ಲಿ ನಿಂತು ನೋಡಿದಳು. ಹಿಂದಿನ ಸಂಜೆಯಿಂದ ಬಿಗಿದಿದ್ದ ಮುಖ ಸ್ವಲ್ಪ ಸಡಿಲವಾಯಿತು.

ಸೆಲ್ವಂ ಅವರ ಅಂಗಡಿ ಸಂತೆಯ ಹಿಂದಿನ ಗಲ್ಲಿಯಲ್ಲಿ, ಕಿರಿದಾದ ಮೆಟ್ಟಿಲ ಮೇಲೆ. ಅರವತ್ತರ ಆಸುಪಾಸಿನ ಮನುಷ್ಯ, ಹಣೆಗೆ ವಿಭೂತಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ರಾತ್ರಿಯೆಲ್ಲ ನಾನು ಮಷೀನುಗಳನ್ನು ಅಕ್ಕಿಯಲ್ಲಿ ಹೂತಿಟ್ಟಿದ್ದೆ. ಅವರು ಸೂಜಿಯಿಂದ ಅಕ್ಕಿಯ ಪುಡಿ ಕೆರೆದು ತೋರಿಸಿ, "ಇದು ಸಾಂಬಾರ್ ಜೊತೆಗಾ?" ಎಂದು ತಮಿಳಿನಲ್ಲಿ ನಕ್ಕರು. ಆಮೇಲೆ ನಗು ನಿಂತಿತು. "ಉಪ್ಪು ತಣ್ಣಿ. ಕಷ್ಟಂ ದಾನ್. ಪಾಕ್ಕಲಾಂ." ಉಪ್ಪು ನೀರು, ಕಷ್ಟವೇ, ನೋಡೋಣ ಎಂದು.

ಒಂದೂವರೆ ಗಂಟೆ ಆ ಮನುಷ್ಯ ತಲೆ ಎತ್ತಲಿಲ್ಲ. ಪುಟ್ಟ ಬ್ರಷ್ಷಿನಿಂದ ತೊಳೆದರು, ಒಣಗಿಸಿದರು, ಕೂದಲಿನಂಥ ತಂತಿ ಬೆಸೆದರು. ಡಬ್ಬಿಯಲ್ಲಿದ್ದ ಹಳೆಯ ಮಷೀನೊಂದರ ಭಾಗ ತೆಗೆದು ಇದಕ್ಕೆ ಕೂರಿಸಿದರು. ಎಡಗಿವಿಯದು ಏಳಲೇ ಇಲ್ಲ. ಮೂರು ಸಲ ಪ್ರಯತ್ನಿಸಿ ಅದನ್ನು ಪಕ್ಕಕ್ಕಿಟ್ಟು, ಕೈಮುಗಿದು ತಲೆಯಾಡಿಸಿದರು. ಬಲಗಿವಿಯದು ಮಾತ್ರ ಸಣ್ಣಗೆ ಸಿಳ್ಳೆ ಹೊಡೆಯಿತು.

ಅಕ್ಕನ ಕಿವಿಗೆ ಅದನ್ನು ಸಿಕ್ಕಿಸಿ, ಅವಳನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದರು. ನನಗೆ ಹಿಂದೆ ನಿಂತು ಏನಾದರೂ ಹೇಳುವಂತೆ ಸನ್ನೆ ಮಾಡಿದರು. "ಮೆದುವಾ" ಎಂದರು. ಮೆಲ್ಲಗೆ ಎಂದು.

ಏನು ಹೇಳುವುದು? ಜಯಮ್ಮನವರು ನನ್ನನ್ನೇ ನೋಡುತ್ತಿದ್ದರು. ನಾನು ಬಾಗಿ, ನನಗೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ, "ಅಕ್ಕ, ನಿನ್ನೆ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು" ಎಂದೆ.

ಅಕ್ಕ ಅಲುಗಾಡಲಿಲ್ಲ. "ಕೇಕ್ಕುದಾ ಅಮ್ಮಾ?" ಎಂದು ಸೆಲ್ವಂ ಕೇಳಿದರು, ಕೇಳಿಸುತ್ತಾ ಎಂದು.

"ಇನ್ನೊಂದು ಸಲ ಹೇಳೋಕೆ ಹೇಳಿ" ಎಂದಳು ಅಕ್ಕ, ಗೋಡೆಯನ್ನೇ ನೋಡುತ್ತ.

ಮತ್ತೆ ಹೇಳಿದೆ.

"ಮೊದಲನೇ ಸಲಾನೇ ಕೇಳಿಸ್ತು ಕಣೋ" ಎಂದು ತಿರುಗಿದಳು. ಕಣ್ಣು ಒದ್ದೆ, ತುಟಿಯಲ್ಲಿ ನಗು. ಜಯಮ್ಮನವರು ಜೋರಾಗಿ ನಕ್ಕು ಸೆಲ್ವಂ ಅವರಿಗೆ ತಮಿಳಿನಲ್ಲಿ ಎಲ್ಲ ವಿವರಿಸಿದರು. ಅವರು ಭೂತಗನ್ನಡಿ ತೆಗೆದು ಒರೆಸಿಕೊಂಡರು. ಹಾಳಾದ ಎಡಗಿವಿಯ ಮಷೀನಿಗೆ ಎಷ್ಟು ಹೊತ್ತು ಕೂತಿದ್ದರೂ ಅದರ ಕೂಲಿ ತೆಗೆದುಕೊಳ್ಳಲು ಒಪ್ಪಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಜಯಮ್ಮನವರು ಮಾಂಬಲಂನಲ್ಲಿ ಇಳಿದರು. ಇಳಿಯುವಾಗ ಅಕ್ಕನ ಗಲ್ಲ ಮುಟ್ಟಿ, "ಒಂದು ಕಿವಿ ಧಾರಾಳ. ನಮ್ಮವರು ಎರಡು ಇದ್ದೂ ನಾನು ಹೇಳಿದ್ದು ಕೇಳ್ತಾನೇ ಇರ್ಲಿಲ್ಲ" ಎಂದರು. ಅಕ್ಕ ಬಹಳ ಹೊತ್ತು ನಗುತ್ತಿದ್ದಳು. ಆದರೆ ಎಲ್ಲಿ ಇಳಿಯುವುದು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಒತ್ತಾಯ ಮಾಡಿದಂತಾಗುತ್ತದೆ ಎನ್ನಿಸಿತು.

ಕೋಡಂಬಾಕಂ, ನುಂಗಂಬಾಕಂ, ಚೇತ್‌ಪೇಟ್, ಎಗ್ಮೋರ್. ಬಂದರಿನಲ್ಲಿ ಮೂರು ಗಂಟೆಯವರೆಗೆ ಪ್ರವೇಶ. ನನ್ನ ಗಡಿಯಾರದಲ್ಲಿ ಆಗ ಹನ್ನೊಂದೂವರೆ. ಎಗ್ಮೋರ್ ದಾಟಿದ ಮೇಲೆ ನಾನು ಎದ್ದು ಎರಡು ಪೆಟ್ಟಿಗೆಗಳ ಜೊತೆ ಬಾಗಿಲ ಹತ್ತಿರ ನಿಂತೆ. ರೈಲು ನಿಧಾನವಾಯಿತು. ಪಾರ್ಕ್ ಸ್ಟೇಷನ್. ಅರ್ಧ ಬೋಗಿ ಇಳಿಯಲು ಎದ್ದಿತು. ಅಕ್ಕ ಕಿಟಕಿಯಿಂದ ಹೊರಗೆ ನೋಡಿ, ಆಮೇಲೆ ನನ್ನನ್ನು ನೋಡಿದಳು.

"ಚಂದ್ರು, ಬಾಗಿಲಿಗೆ ಅಡ್ಡ ನಿಂತಿದ್ಯಲ್ಲ. ಇಳಿಯೋರಿಗೆ ದಾರಿ ಬಿಡೋ" ಎಂದಳು.

ದಾರಿ ಬಿಟ್ಟೆ. ರೈಲು ಹೊರಟಿತು. ಪೆಟ್ಟಿಗೆಗಳನ್ನು ಎಳೆದುಕೊಂಡು ಅವಳ ಪಕ್ಕದಲ್ಲಿ ಬಂದು ಕೂತೆ.

ಬೀಚ್ ಸ್ಟೇಷನ್ನಿನ ಹೊರಗೆ ಒಂದು ಮೆಸ್ಸಿನಲ್ಲಿ ಊಟ ಮಾಡಿ, ಆಟೋ ಹಿಡಿದು ಬಂದರಿನ ಗೇಟು ಮುಟ್ಟಿದೆವು. ಗುರುತಿನ ಚೀಟಿ, ಸಾಮಾನಿನ ತಪಾಸಣೆ, ಒಂದು ಬಸ್ಸು, ಆಮೇಲೆ ಹಡಗು. ಹನ್ನೊಂದು ಮಹಡಿಯ ಬಿಳಿ ಕಟ್ಟಡವೊಂದು ನೀರಿನ ಮೇಲೆ ನಿಂತಂತಿತ್ತು. ಅಕ್ಕ ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತು, ಚಪ್ಪಲಿಯ ಮರಳು ಕೊಡವಿ, ಹತ್ತಿದಳು.

ಸಂಜೆ ಹಡಗು ಕದಲಿದಾಗ ಮೇಲಿನ ಡೆಕ್ಕಿನಲ್ಲಿದ್ದೆವು. ಕ್ರೇನುಗಳು ಹಿಂದೆ ಸರಿದವು. ಕೆಂಪು ಹೈಕೋರ್ಟಿನ ಗೋಪುರ, ಅದರಾಚೆ ಕೊನೆಯಿಲ್ಲದ ಮನೆಗಳು, ದಕ್ಷಿಣಕ್ಕೆ ಮರೀನಾದ ಉದ್ದನೆಯ ಮರಳು. ಅರ್ಧ ಹಗಲು, ಒಂದು ರಾತ್ರಿ, ಮತ್ತೆ ಒಂದು ಹಗಲು. ಅಷ್ಟರಲ್ಲೇ ಹೆಸರು ಗೊತ್ತಿಲ್ಲದವರೂ ಸೇರಿ ಈ ಊರಿನ ಎಷ್ಟು ಜನ ನಮ್ಮ ಕೈ ಹಿಡಿದಿದ್ದರು ಎಂದು ಲೆಕ್ಕ ಹಾಕುತ್ತ ನಿಂತಿದ್ದೆ.

ಅಕ್ಕ ನನ್ನ ಜೇಬಿನಿಂದ ಫೋನು ತೆಗೆದು ಜಯಮ್ಮನವರ ನಂಬರು ಒತ್ತಿದಳು. ಬಲಗಿವಿಗೆ ಹಿಡಿದು, "ಸೋಮವಾರ ರಾತ್ರಿ ಮಹಡಿ ಕೋಣೆ ಖಾಲಿ ಇದ್ಯಾ ಅಮ್ಮ? ಇನ್ನೊಂದು ದಿನ ಇದ್ದು ಹೋಗೋಣ ಅಂತ" ಎಂದಳು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ. ಆ ಕಡೆಯಿಂದ ಉದ್ದನೆಯ ಉತ್ತರ ಬಂತು. ಅಕ್ಕ ಹೂಂಗುಟ್ಟುತ್ತ, ನಗುತ್ತ ಕೇಳಿದಳು. ಗಾಳಿಯ ಹೊಡೆತಕ್ಕೆ ನನಗೆ ಒಂದಕ್ಷರವೂ ತಿಳಿಯಲಿಲ್ಲ.

"ಏನಂದ್ರು?" ಎಂದು ಕೂಗಿದೆ.

"ತಾಳೋ, ಇನ್ನೂ ಮಾತಾಡ್ತಿದಾರೆ" ಎಂದು ಅಕ್ಕ ಕೈ ಅಡ್ಡ ಹಿಡಿದು, ದೂರವಾಗುತ್ತಿದ್ದ ಊರಿನ ಕಡೆ ತಿರುಗಿ ನಿಂತಳು.