ಅಜ್ಜಿ ರೊಟ್ಟಿ ತವಾತ್ತಿದ್ದಳು

ದಿನಕ್ಕೆ ಹತ್ತು ಸಲವಾದರೂ ನನ್ನನ್ನು ನಾನೇ ಹುಡುಕಿಕೊಳ್ಳುವ ಚಟವೊಂದು ನನಗೆ ಅಂಟಿಕೊಂಡಿದೆ. ಅಧ್ಯಾತ್ಮ ಎಂದು ತಿಳಿದು ಕೈಮುಗಿಯಬೇಡಿ. ಮೊಬೈಲಿನಲ್ಲಿ ‘ರೊಟ್ಟಿ ಹಂಚು’ ಎಂದು ಬರೆದು ಹುಡುಕಿಸಿ, ನನ್ನ ವೆಬ್‌ಸೈಟು ಎಷ್ಟನೆಯದಾಗಿ ಬಂತು ಎಂದು ನೋಡುವುದು, ಅಷ್ಟೆ. ಹೋದ ವರ್ಷ ಮೊದಲ ಪುಟದ ಮೊದಲ ಸಾಲು ನನ್ನದಾಗಿತ್ತು. ಈ ವರ್ಷ ಆರನೆಯ ಪುಟದ ಬುಡಕ್ಕೆ ಬಿದ್ದೆ. ನನ್ನ ಮೇಲೆ ಯಾರಿದ್ದಾರೆ ಗೊತ್ತೆ? ಮನೆಯ ಮಾಡಿಗೆ ಹೊದಿಸುವ ಹಂಚು ಮಾರುವವರು! ಜೋಳದ ರೊಟ್ಟಿಯನ್ನು ಮಾಡಿನ ಮೇಲೆ ಸುಡುತ್ತಾರೆಯೇ? ನಮ್ಮ ರಾಯಚೂರಿನ ಬಿಸಿಲಿಗೆ ಅದೂ ಆದೀತು, ಆದರೆ ನನ್ನ ಸಂಕಟಕ್ಕೆ ಅದು ಉತ್ತರವಲ್ಲ.

ನಮ್ಮ ಕಡೆ ಹಂಚು ಎಂದರೆ ರೊಟ್ಟಿ ಸುಡುವ ಕಬ್ಬಿಣದ ಹಂಚು. ಮಣ್ಣಿನ ಚಪ್ಪಟೆ ಮಾಳಿಗೆ ಮನೆಗಳ ಸೀಮೆಯಲ್ಲಿ ಬೇರೆ ಹಂಚಿನ ನೆನಪಾಗುವುದಾದರೂ ಹೇಗೆ? ನಾನು ನಗರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು. ಮೂರು ವರ್ಷದ ಹಿಂದೆ ಅಡುಗೆಮನೆಯ ಸಾಮಾನುಗಳ ಬಗ್ಗೆ ಬರೆಯಲು ಒಂದು ಸೈಟು ಶುರು ಮಾಡಿದೆ. ಮೊದಲ ಬರಹ, ಹೊಸ ಹಂಚನ್ನು ಪಳಗಿಸುವುದು ಹೇಗೆ ಎಂಬುದು. ಬೂದಿ ಹಾಕಿ ತಿಕ್ಕುವುದು, ಎಣ್ಣೆ ಸವರಿ ಕಾಯಿಸುವುದು, ಅರ್ಧ ಉಳ್ಳಾಗಡ್ಡಿಯಿಂದ ಉಜ್ಜುವುದು, ಮೊದಲ ಮೂರು ರೊಟ್ಟಿ ದನಕ್ಕೆ ಹಾಕುವುದು. ಎಲ್ಲ ದೇವದುರ್ಗದ ನಮ್ಮಜ್ಜಿಯ ಮಾತು. ಅಕ್ಷರ ಅರಿಯದ ಆಕೆಯಿಂದಲೇ ನಾನು ಕನ್ನಡ ಕಲಿತದ್ದು. ಪದವಿಯಲ್ಲಿ ಕಲಿತದ್ದು ಪರೀಕ್ಷೆಗೆ ಮುಗಿಯಿತು. ಆ ಬರಹಕ್ಕೆ ಮಂದಿ ಮುಗಿಬಿದ್ದರು. ಮಾನ್ವಿಯಲ್ಲಿ ಖಾನಾವಳಿ ನಡೆಸುವ ನಮ್ಮಕ್ಕ ಮೊದಲ ಓದುಗಾರ್ತಿ. ಆಕೆ ಅದನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿದಳಂತೆ.

ಅಲ್ಲಿಗೆ ನಿಲ್ಲಬೇಕಿತ್ತು. ಯಾರೋ ಅಫಿಲಿಯೇಟ್ ಲಿಂಕಿನ ರುಚಿ ಹತ್ತಿಸಿದರು. ನೀವು ಬರೆದ ಸಾಮಾನಿನ ಕೆಳಗೆ ಒಂದು ಕೊಂಡಿ ಹಾಕುವುದು. ಓದಿದವರು ಅದನ್ನು ಒತ್ತಿ ಕೊಂಡರೆ ನಿಮಗಿಷ್ಟು ಪಾಲು. ಹಳೆಯ ಸಂತೆಯ ದಲಾಲಿಯೇ. ದಲಾಲ ಎತ್ತಿನ ಹಲ್ಲನ್ನಾದರೂ ಎಣಿಸುತ್ತಿದ್ದ. ನಾನು ಅದನ್ನೂ ಮಾಡಲಿಲ್ಲ. ‘ಹತ್ತು ಅತ್ಯುತ್ತಮ ಹಂಚುಗಳು’, ‘ಹತ್ತು ಅತ್ಯುತ್ತಮ ಕೂಲರುಗಳು’ ಎಂದು ಚಿತ್ರ ನೋಡಿ ಬರೆಯುತ್ತ ಹೋದೆ. ಎಲ್ಲದಕ್ಕೂ ನಾಲ್ಕೂವರೆ ನಕ್ಷತ್ರ. ಐದು ಕೊಟ್ಟರೆ ಮಂದಿ ನಂಬುವುದಿಲ್ಲ ಎಂಬ ಜಾಣತನ ಬೇರೆ. ಒಂದು ಬೆಳಿಗ್ಗೆ ನೋಡುತ್ತೇನೆ, ಸೈಟು ಆರನೆಯ ಪುಟಕ್ಕೆ ಕುಸಿದಿದೆ. ಹುಡುಕುವ ಯಂತ್ರಕ್ಕೆ ಒಂದು ಸಿಟ್ಟಿನ ಪತ್ರ ಬರೆಯೋಣವೆಂದರೆ ಅದಕ್ಕೊಂದು ಮನೆಯಿಲ್ಲ, ಬಾಗಿಲಿಲ್ಲ, ಬಾಗಿಲಲ್ಲಿ ಕೂತ ಜವಾನನೂ ಇಲ್ಲ.

ಬಿದ್ದ ಸೈಟುಗಳನ್ನು ಎತ್ತಿ ನಿಲ್ಲಿಸುವ ಪರಿಣತರೊಬ್ಬರು ಸ್ಟೇಷನ್ ರಸ್ತೆಯಲ್ಲಿದ್ದಾರೆ. ಅವರ ಮಹಡಿ ಹತ್ತಿದೆ.

“ಸರ, ನಿಮ್ಮ ಸೈಟಿನ ಮ್ಯಾಲ ಯಂತ್ರಕ್ಕ ಭರೋಸಾ ಹೋಗ್ಯಾದ,” ಎಂದರು.

“ಯಾಕ್ರೀ? ನಾನೇನು ಕಳ್ಳತನ ಮಾಡೀನೇನು?”

“ಲಿಂಕು ಭಾಳ ಆಗ್ಯಾವ. ನೀವು ಸ್ವತಃ ನೋಡಿದ್ದೇನು ಅನ್ನೋದು ಎಲ್ಲೂ ಕಾಣವಲ್ದು. ಮತ್ತ ಹಂಚು ಅಂದ್ರ ಮಳಿ ಸೀಮಿ ಕಡಿ ಮಂದಿಗಿ ಮನಿ ಮ್ಯಾಲಿಂದು. ತವಾ ಅಂತ ಮಾಡ್ರಿ. ಒಂದು ಗುಂಡಿ ಒತ್ತಿದ್ರ ಎಲ್ಲಾ ಕಡಿ ತಾನ ಬದಲಾಗ್ತದ.”

ಮೊದಲ ಎರಡು ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಗುಂಡಿಯ ಮಾತು ಮಾತ್ರ ಸರಿಯಾಗಿ ಕೇಳಿಸಿತು. ಮನೆಗೆ ಬಂದು ಒತ್ತಿದೆ. ನೂರಾರು ಹಂಚು ಕಣ್ಣು ಮಿಟುಕಿಸುವಷ್ಟರಲ್ಲಿ ತವಾ ಆದವು.

ಎರಡನೆಯ ದಿನ ಅಕ್ಕನ ಫೋನು.

“ಲೇ ತಮ್ಮಾ, ‘ಅಜ್ಜಿ ಓಣಿಗೆಲ್ಲ ರೊಟ್ಟಿ ತವಾತ್ತಿದ್ದಳು’ ಅಂದ್ರೇನಲೇ? ಸತ್ತ ಮುದುಕಿಗಿ ಯಾಕ ತವಾಸ್ತೀ?”

ತೆರೆದು ನೋಡಿದರೆ ಹೌದು. ‘ಹಂಚುತ್ತಿದ್ದಳು’ ಎಂದು ಬರೆದಿದ್ದೆ. ಯಂತ್ರ ಅದರೊಳಗಿನ ಹಂಚನ್ನೂ ಕಿತ್ತು ತವಾ ಇಟ್ಟಿತ್ತು. ಮಕ್ಕಳಿಗೆ ನಾನಾರ್ಥ ಪಾಠ ಮಾಡುವ ಮೇಷ್ಟ್ರಿಗೆ ಇದು ಹೊಳೆಯಲಿಲ್ಲ. ಒಂದು ಹಂಚು ರೊಟ್ಟಿ ಸುಡುತ್ತದೆ, ಇನ್ನೊಂದು ಮನೆ ಮುಚ್ಚುತ್ತದೆ, ಮತ್ತೊಂದು ಸುಟ್ಟ ರೊಟ್ಟಿಯನ್ನು ನಾಲ್ಕು ಮಂದಿಗೆ ಮುಟ್ಟಿಸುತ್ತದೆ. ಈ ಮೂರನೆಯದು ಹಳಗನ್ನಡದಲ್ಲಿ ಪಂಚು. ನಮ್ಮ ನೆರೆಯ ತೆಲುಗಿನವರು ಇಂದಿಗೂ ಪಂಚುತ್ತಾರೆ. ಸಾವಿರ ವರ್ಷ ಬದುಕಿ ಬಂದ ಮಾತನ್ನು ನಾನು ಒಂದು ಗುಂಡಿಯಲ್ಲಿ ತವಾಯಿಸಿಬಿಟ್ಟಿದ್ದೆ.

“ತಪ್ಪಾತಕ್ಕಾ, ಸರಿ ಮಾಡ್ತೀನಿ.”

“ಅದಷ್ಟ ಅಲ್ಲ. ಐತವಾರ ಬಾ. ತೋರಿಸೋದದ.”

ಆ ದನಿ ನನಗೆ ಗೊತ್ತು. ಭಾನುವಾರ ಪೋತ್ನಾಳದ ಬಸ್ಸು ಹಿಡಿದು ಮಾನ್ವಿಯಲ್ಲಿ ಇಳಿದೆ. ಖಾನಾವಳಿಯ ಒಲೆಯ ಮುಂದೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಗದ್ದದಿಂದಲೇ ಮೂಲೆ ತೋರಿಸಿದಳು. ಅಲ್ಲಿ ನೀರಿನ ಕೊಡದ ಮೇಲೆ ಮುಚ್ಚಳವಾಗಿ ಕೂತಿತ್ತು, ನನ್ನ ಪಟ್ಟಿಯ ನಂಬರ್ ಒನ್. ಅಂಟದ ಲೇಪದ ತವಾ. ಲೇಪ ಹಳೆಯ ಗೋಡೆಯ ಸುಣ್ಣದಂತೆ ಎದ್ದಿತ್ತು.

“ಕಟ್ಟಿಗಿ ಬೆಂಕಿಗಿ ಒಂದು ವಾರನೂ ತಡೀಲಿಲ್ಲ. ಕರೀದು ಎದ್ದು ರೊಟ್ಟಿಗಿ ಹತ್ತಿತು. ಗಿರಾಕಿ ಒಬ್ಬಾಂವ ತಾಟು ಸರಿಸಿ ಎದ್ದು ಹೋದ. ಜ್ವಾಳದ ರೊಟ್ಟಿಗಿ ಭಾಳ ಚೊಲೋ ಅಂತ ಬರ್ದಿದ್ದಿ. ಇದರ ಮ್ಯಾಲ ಒಂದಾರ ರೊಟ್ಟಿ ಸುಟ್ಟಿದ್ದೇನು?”

“ಇಲ್ಲ.”

“ಮುಟ್ಟಿದ್ದೇನು?”

ನಾನು ಮುಚ್ಚಳ ಸರಿಸಿ ಕೊಡದೊಳಗೆ ಇಣುಕಿದೆ, ನೀರು ಎಷ್ಟಿದೆ ಎಂದು ನೋಡುವವನ ಹಾಗೆ.

“ಬ್ಯಾರೆ ಯಾರರೆ ಹೇಳಿದ್ರ ನಂಬ್ತಿರಲಿಲ್ಲ ತಮ್ಮಾ. ನೀ ಬರ್ದಿ ಅಂತ ತಗೊಂಡೆ.” ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ತಾಟು ಮುಂದಿಟ್ಟಳು. ಯಂತ್ರದ ಭರೋಸಾ ಹೋಯಿತೆಂದು ಮೂರು ತಿಂಗಳು ಒದ್ದಾಡಿದವನಿಗೆ, ಹೋಗಬಾರದ ಅಕ್ಕನ ಭರೋಸಾ ಹೋಗಿದ್ದು ಆ ತಾಟಿನ ಮುಂದೆ ಕಂಡಿತು. ಪುಂಡಿಪಲ್ಯ ಎಂದಿಗಿಂತ ಹುಳಿಯಾಗಿತ್ತು.

ಉಣ್ಣುವಾಗ ಕೇಳಿದಳು: “ಹೋಗ್ಲಿ ಬಿಡು. ಹಳೇ ಹಂಚು ಸೀಳ್ಯಾದ. ಈಗ ಯಾವ್ದು ತಗೊಳ್ಳಲಿ, ಹೇಳು.”

ನಾಲ್ಕೂವರೆ ನಕ್ಷತ್ರಗಳು ಬಾಯಿಯ ತನಕ ಬಂದವು. ನುಂಗಿಕೊಂಡೆ.

“ನನಗ ಗೊತ್ತಿಲ್ಲಕ್ಕಾ. ಬಾ, ಬಜಾರಕ್ಕ ಹೋಗಿ ಬಡದು ನೋಡಮು.”

ಮತ್ತೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕೈ ನಿಂತಿತು. “ಮೂರು ವರ್ಷದಾಗ ಇದೊಂದು ಖರೇ ಮಾತು ಆಡಿದಿ ನೋಡು. ಇದನ್ನ ಬರೀ.”

ಬರೆದೆ. ‘ಹತ್ತು ಅತ್ಯುತ್ತಮ’ಗಳನ್ನೆಲ್ಲ ಅಳಿಸಿ, ಅಜ್ಜಿಗೆ ಅವಳ ಹಂಚು ಮರಳಿಸಿ, ನಂಬರ್ ಒನ್ ತವಾದ ಕಥೆಯನ್ನು ಕೊಡದ ಚಿತ್ರದ ಸಮೇತ ಹಾಕಿದೆ. ನಾವಿಬ್ಬರೂ ಮಾನ್ವಿಯ ಬಜಾರಿನಲ್ಲಿ ಬಡಿದು, ಎತ್ತಿ, ಜಗಳಾಡಿ ತಂದ ಒಂದೇ ಒಂದು ಹಂಚಿನ ಬಗ್ಗೆ ಬರೆದೆ. ಅದಕ್ಕೆ ಲಿಂಕಿಲ್ಲ, ಮಾರುವವನಿಗೆ ಅಂಗಡಿಯೂ ಇಲ್ಲ, ನೆಲಕ್ಕೆ ಹಾಸಿದ ಒಂದು ಗೋಣಿತಾಟಿದೆ.

ಇಷ್ಟು ಪ್ರಾಮಾಣಿಕತೆಗೆ ಯಂತ್ರ ಮೆಚ್ಚಿ ಮೇಲೆತ್ತಿತೆಂದು ತಿಳಿದಿರೇನು? ಏಳನೆಯ ಪುಟಕ್ಕೆ ಇಳಿಸಿತು! ತಲೆ ಚಚ್ಚಿಕೊಂಡೆ. ಆಮೇಲೆ ಯೋಚಿಸಿದರೆ, ಏಳನೆಯ ಪುಟದ ತನಕ ಹುಡುಕಿಕೊಂಡು ಬರುವವರಿಗೆ ನಿಜವಾಗಿಯೂ ಒಂದು ಹಂಚು ಬೇಕಾಗಿರುತ್ತದೆ. ಅಷ್ಟು ದೂರ ನಡೆದು ಬಂದವರಿಗೆ ಸುಳ್ಳು ಬಡಿಸಲು ಮನಸ್ಸಾಗುವುದಿಲ್ಲ.