‘ಆತ್ತಾ’ ಎಂದರೆ ‘ಆತು’ ಎಂದಳು

ನಮ್ಮಲ್ಲಿ ಕುಲ ಮುಂದುವರಿಯುವುದು ತಾಯಿಯಿಂದ ಮಗಳಿಗೆ. ಹಾಗಾಗಿ ಮಕ್ಕಳಾಗಲಿಲ್ಲವೆಂದು ನನ್ನ ಜೀವ ತಿಂದದ್ದು ಬಾರ್ಕೂರಿನ ಅತ್ತೆಯಲ್ಲ, ಬಿಜೂರಿನಲ್ಲಿದ್ದ ಹೆತ್ತ ಅಮ್ಮ. ಅವಳಿಗಿದ್ದದ್ದು ನಾನೊಬ್ಬಳೇ ಮಗಳು.

ಆಸ್ಪತ್ರೆಯಲ್ಲಿ ಎರಡು ಸಲ ಭ್ರೂಣ ಇಟ್ಟರು, ನಿಲ್ಲಲಿಲ್ಲ. ಕೊನೆಯದೊಂದು ಉಳಿದಿತ್ತು. ಅದನ್ನು ಇಡುವ ಮೊದಲು, ಅಲ್ಲಿಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ ಅದರ ಫೋಟೋ, ನನ್ನ ವಯಸ್ಸು, ರಕ್ತದ ರಿಪೋರ್ಟು ಎಲ್ಲ ಕೊಟ್ಟರು. ಸಾವಿರಾರು ಹೆಂಗಸರ ಕಥೆ ಕಲಿತ ಕೃತಕ ಬುದ್ಧಿಯಂತೆ ಅದು, ನಿಲ್ಲುತ್ತದೋ ಇಲ್ಲವೋ ಮೊದಲೇ ಹೇಳುತ್ತದಂತೆ. ಮೈಮೇಲೆ ದೇವರು ಬಂದು ನುಡಿಯುವ ದರ್ಶನದ ಪಾತ್ರಿಯಾದರೆ ಇನ್ನೊಮ್ಮೆ ಕೇಳಿ ನೋಡಬಹುದು. ಇದರ ಹತ್ತಿರ ಏನು ಕೇಳುವುದು?

ಹುಬ್ಬಳ್ಳಿ ಕಡೆಯ ಕೌನ್ಸೆಲರ್ ಹುಡುಗಿ ಪರದೆಯನ್ನು ನನ್ನತ್ತ ತಿರುಗಿಸಿದಳು. “ಭಾಳ ಕಡಿಮಿ ತೋರಸ್ತೈತ್ರಿ ಅಕ್ಕಾರ. ಆಸೆ ಇಟ್ಕೋಬ್ಯಾಡ್ರಿ.” ಅಷ್ಟರಲ್ಲಿ ಹೊರಗೆ ಕೂತಿದ್ದ ಅಮ್ಮ ಬಾಗಿಲು ದೂಡಿ ತಲೆ ಹಾಕಿದಳು.

“ಹ್ವಾಯ್, ಆತ್ತಾ?”

ಅಮ್ಮ ಕೇಳಿದ್ದು, ಆಗುತ್ತದಾ ಎಂದು. ಹುಡುಗಿಯ ಊರಿನಲ್ಲಿ ‘ಆತಾ’ ಅಂದರೆ ಮುಗಿಯಿತಾ ಎಂದು.

“ಆತು, ಆತು. ಕರ್ಕೊಂಡು ಹೋಗ್ರಿ,” ಎಂದಳು.

ಬಸ್ಸು ಹತ್ತುವ ಮೊದಲೇ ಅಮ್ಮ ಅರ್ಧ ಊರಿಗೆ ಫೋನ್ ಮಾಡಿದ್ದಳು, ಕಂಪ್ಯೂಟರೇ ‘ಆತ್ತ್’, ಆಗುತ್ತದೆ, ಅಂದಿದೆ ಎಂದು. ನಾನು ಬಿಡಿಸಿ ಬಿಡಿಸಿ ಹೇಳಿದೆ, ಕಾಲು ಹಿಡಿಯುವುದೊಂದು ಬಾಕಿ.

“ಅಮ್ಮ, ಆ ಹೆಣ್ಣ್ ಹೇಳದ್ದ್ ಮುಗೀತ್ ಅಂದೇಳಿ.”

“ನಂಗೆ ಕೆಮಿ ಇಲ್ಯಾ ಹೆಣ್ಣೆ? ಎರಡ್ ಸಲ ಆತ್ತ್ ಅಂದ್ಳ್. ನಿನ್ ಬಾಯಂಗೆ ಒಂದ್ ಒಳ್ಳೆ ಮಾತ್ ಬತ್ತಿಲ್ಲ.”

ಮರುದಿನವೇ ಕುಂದಾಪುರಕ್ಕೆ ಹೋಗಿ ಬಯಕೆ ಊಟಕ್ಕೆಂದು ನನಗೆ ಹಸಿರು ಸೀರೆ ತಂದಳು.

ಭ್ರೂಣ ಇಟ್ಟರು. ರಕ್ತ ಪರೀಕ್ಷೆಗೆ ಮೊದಲೇ ಮುಟ್ಟಾದೆ. ಬಚ್ಚಲಿನಿಂದ ಹೊರಗೆ ಬಂದಾಗ ಅಮ್ಮ ಅಲ್ಲೇ ನಿಂತಿದ್ದಳು. ಹಿಂದಿನ ಎರಡು ಸಲ ಅವಳೂ ಅತ್ತಿದ್ದಳು. ದೇವರು, ಡಾಕ್ಟರು, ಮುಂಬೈ ಹೋಟೆಲಿನಲ್ಲಿದ್ದ ನನ್ನ ಗಂಡ, ಯಾರನ್ನೂ ಬಿಡದೆ ಬೈದಿದ್ದಳು. ಈ ಸಲ ಅವರ್ಯಾರನ್ನೂ ಬೈಯಲಿಲ್ಲ.

“ಮಿಷಿನ್ ಆತ್ತ್ ಅಂದಿತ್ತ್,” ಎಂದಳು. “ನೀನ್ ಎಂತ ಮಾಡ್ಕಂಡೆ?”

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಕಂಪ್ಯೂಟರಿನ ಮೇಲೂ ಇಲ್ಲ, ಅದು ಹೇಳಿದ್ದು ಸರಿಯೇ ಇತ್ತು. ಅಮ್ಮನ ಮೇಲೆ ಮಾತ್ರ ಇದೆ, ಅವಳು ಸತ್ತ ಮೇಲೂ ಇದೆ. ಕೊನೆಗೆ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಳಿದದ್ದು ನಾನು. ನೋಡಲು ಬಂದವರಿಗೆಲ್ಲ ಅವಳು ನನ್ನೆದುರಿಗೇ ಹೇಳುತ್ತಿದ್ದಳು:

“ಮಗು ಆಪುದಿತ್ತ್. ಇವ್ಳೇ ಕಳ್ದ್ಳ್.”