ರುಮಾಲಿಗೆ ಏರದ ಕೈ

ಹಾವು ಕಚ್ಚಿದೆ ಎಂದು ಬಿದ್ದು ಹೊರಳಾಡಿ, ಹಳೇ ಹುಬ್ಬಳ್ಳಿಯ ನಮ್ಮ ಓಣಿಯನ್ನೆಲ್ಲ ಎರಡು ಸಲ ಕೂಡಿಸಿದವನು ನಾನು. ಎರಡನೆಯ ಸಲವೂ ಓಡಿ ಬಂದರಲ್ಲ, ಅದು ನನ್ನ ಕಲೆ! ಹಾಗಾಗಿ ತೊಂಬತ್ತರ ದಶಕದ ಕೊನೆಗೆ ನನ್ನ ಬಲಗೈ ನಿಜಕ್ಕೂ ಮೇಲೇಳದಾದಾಗ ಒಬ್ಬರೂ ನಂಬಲಿಲ್ಲ.

ಆದದ್ದು ಇಷ್ಟು. ತುಕ್ಕು ಹಿಡಿದ ಮೊಳೆ ತುಳಿದು ಒಂದು ಖಾಸಗಿ ದವಾಖಾನೆಗೆ ಹೋದೆ. ಧನುರ್ವಾಯು ಬಾರದಂತೆ ಲಸಿಕೆ ಹಾಕಬೇಕೆಂದರು. ಅಂಗಿಯ ತೋಳು ಬಿಗಿ, ಮೇಲೆ ಸರಿಯಲಿಲ್ಲ. ನಾನೇ ಗುಂಡಿ ಬಿಚ್ಚಿ ಕೊರಳಪಟ್ಟಿಯನ್ನು ಹೆಗಲಿಂದ ಕೆಳಗೆ ಜಗ್ಗಿದೆ. ಕಂಡಷ್ಟು ಜಾಗದಲ್ಲೇ ಕಂಪೌಂಡರ್ ಸೂಜಿ ಚುಚ್ಚಿದ. ಎರಡು ದಿನದಲ್ಲಿ ಹೆಗಲು ಬಿಗಿಯಿತು. ಕೈ ಕಿವಿಯ ತನಕ ಬಂದು ನಿಲ್ಲತೊಡಗಿತು. ತಿಂಗಳುಗಳು ಕಳೆದರೂ ಅಷ್ಟೇ.

ಗಾಯವಾದದ್ದು ಕಾಲಿಗೆ, ಕೆಟ್ಟದ್ದು ಹೆಗಲು! ಹೇಗೆ? ಎಲುಬಿನ ಡಾಕ್ಟರನ್ನು ಕೇಳಿ ಕೇಳಿ ಸುಸ್ತು ಮಾಡಿದೆ. ಹೆಗಲ ಎಲುಬಿನ ತುದಿಯಿಂದ ಎರಡು ಮೂರು ಬೆರಳು ಕೆಳಗೆ, ದಪ್ಪ ಮಾಂಸದಲ್ಲಿ ಇಳಿಯಬೇಕಾದ ಸೂಜಿ ಮೇಲೆ ಕೀಲಿಗೇ ಹೋಗಿದೆ ಎಂದರು. ಅಂದಿನಿಂದ ಚಹಾದಂಗಡಿಯಲ್ಲಿ ಸಿಕ್ಕವರ ಹೆಗಲನ್ನೆಲ್ಲ ಬೆರಳಿಟ್ಟು ಅಳೆದೆ. ಎರಡು ಬೆರಳಿನ ತಪ್ಪಿಗೆ ಕಾನೂನು ಏನನ್ನುತ್ತದೆ? ನೋಡಿಯೇ ಬಿಡೋಣ ಎಂದು ಗ್ರಾಹಕರ ವೇದಿಕೆಯಲ್ಲಿ ಪರಿಹಾರ ಕೇಳಿ ದೂರು ಕೊಟ್ಟೆ.

ವಿಚಾರಣೆಯ ದಿನ ದವಾಖಾನೆಯ ಪರ ವಕೀಲರು ಎದ್ದರು.

"ಹಾವ ಕಡದೈತಂತ ಹೊಳ್ಳಾಡಿ ಓಣಿ ಕೂಡಿಸಿದ್ರಂತ, ಖರೇನ್ರಿ?"

"ಖರೇರಿ. ಎರಡ ಸಲ."

"ಸೂಜಿ ಚುಚ್ಚಿದ ದಿನ ಅಂಗಿ ಜಗ್ಗಿದವ್ರು ಯಾರು?"

ಸುಳ್ಳಿನಲ್ಲಿ ನನ್ನನ್ನು ಮೀರಿಸುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ಹಿಂದಿನ ಬೆಂಚಿನಿಂದ ಹೆಂಡತಿ ನೋಡುತ್ತಿದ್ದಳು.

"ನಾನರಿ."

ವೇದಿಕೆಯ ಅಧ್ಯಕ್ಷರು ಕನ್ನಡಕ ಸರಿಸಿದರು. "ಅಂಗಿ ಇವ್ರು ಜಗ್ಗಿದ್ರು, ವಕೀಲ್ರ. ಸೂಜಿ ಯಾರ ಕೈಯಾಗಿತ್ತು?" ಆಮೇಲೆ ನನ್ನತ್ತ ತಿರುಗಿ, "ಯಜಮಾನ್ರ, ತಲೀ ಮ್ಯಾಲಿನ ಆ ರುಮಾಲ ಬಿಚ್ಚಿ ಮತ್ತ ಸುತ್ತಿಕೊಳ್ರಿ, ನೋಡೋಣು," ಎಂದರು.

ಬಿಚ್ಚಿದೆ. ಕೈ ಕಿವಿಯ ಹತ್ತಿರ ನಿಂತಿತು. ರುಮಾಲು ಜಾರಿ ಕೊರಳಿಗೆ ಬಿತ್ತು. ನನ್ನನ್ನು ನೋಡಿ ಯಾರೂ ನಗದ ಸಭೆ ಅದೊಂದೇ. ಹೆಂಡತಿ ಎದ್ದು ಬಂದು, ಒಂದು ವರ್ಷದಿಂದ ದಿನಾ ಬೆಳಿಗ್ಗೆ ಸುತ್ತುವಂತೆಯೇ ಸರಸರ ಸುತ್ತಿದಳು.

"ಸಾಹೇಬ್ರ, ಇವ್ರ ಮಾತ ನಾನೂ ನಂಬಂಗಿಲ್ಲ. ಆ ಕೈ ಮಾತ್ರ ಸುಳ್ಳ ಹೇಳೂದಿಲ್ಲರಿ."

ದವಾಖಾನೆಯವರು ಪರಿಹಾರ ಕೊಡಬೇಕೆಂದು ಆದೇಶವಾದ ದಿನ ಅವಳು ಬಂದಿರಲಿಲ್ಲ. ಬಸ್ಸಿಳಿದವನು ಓಡುತ್ತಲೇ ಮನೆ ಸೇರಿ, "ಗೆದ್ದೇನಿ!" ಎಂದು ಕೂಗಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಯಾಕ್ರಿ, ಮತ್ತ ಹಾವ ಕಡೀತೇನು?"